ಹಳೆಯ ಟೆಂಪೋ ಟ್ರಾವೆಲರ್ ಕ್ಯಾಂಪರ್‌ನಲ್ಲಿ ಕೂಲಂಟ್ ಸೋರಿಕೆ: ಹುಡುಕುವುದರಿಂದ ಗಾಳಿ ತೆಗೆಯುವವರೆಗೆ

ಹೋಸ್ ಬದಲಾಯಿಸಿದ್ದಾಯಿತು, ಹೊಸ ಕ್ಯಾಪ್ ಹಾಕಿದ್ದಾಯಿತು, ರೇಡಿಯೇಟರ್ ಬಿಚ್ಚಿ ಬೆಸುಗೆ ಹಾಕಿಸಿದ್ದೂ ಆಯಿತು. ಆದರೂ ಪ್ರತಿ ಟ್ರಿಪ್‌ನಲ್ಲಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರು, ಕಡಿಮೆಯಾಗುತ್ತಿದೆ, ಘಾಟಿ ಹತ್ತುವಾಗ ತಾಪಮಾನದ ಮುಳ್ಳು ಕೆಂಪಿನ ಕಡೆ ಹೋಗುತ್ತಿದೆ. ಹಳೆಯ ಟೆಂಪೋ ಟ್ರಾವೆಲರ್ ಕೊಂಡು ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಪ್ರವಾಸದ ಗಾಡಿ) ಮಾಡಿಕೊಂಡವರು ಮತ್ತೆ ಮತ್ತೆ ಹೇಳುವುದು ಇದನ್ನೇ. ಹೆಚ್ಚಿನವರು ಸೋಲುವುದು ಸ್ಪ್ಯಾನರ್ ಹಿಡಿಯುವುದರಲ್ಲಲ್ಲ, ಕೆಲಸದ ಕ್ರಮದಲ್ಲಿ. ಒದ್ದೆಯಾಗಿ ಕಂಡ ಭಾಗವನ್ನೇ ಮೊದಲು ಬದಲಾಯಿಸುತ್ತಾರೆ, ಕೊನೆಯಲ್ಲಿ ಕೂಲಂಟ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯದೆ ಗಾಡಿ ಓಡಿಸುತ್ತಾರೆ. ಈ ಎರಡೂ ತಪ್ಪಿದರೆ ನಡುವಿನ ಕೆಲಸ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಇಲ್ಲಿ ಹೇಳುವುದು ಮುಂಭಾಗದಲ್ಲಿ ಡೀಸೆಲ್ ಎಂಜಿನ್ ಇರುವ ಹಳೆಯ ಟ್ರಾವೆಲರ್ ಬಗ್ಗೆ. ಓಮ್ನಿಯಂಥ ಗಾಡಿಯನ್ನು ಕ್ಯಾಂಪರ್ ಮಾಡಿಕೊಂಡವರಿಗೂ ಕ್ರಮ ಇದೇ. ಅದರಲ್ಲಿ ಎಂಜಿನ್ ಸೀಟಿನ ಕೆಳಗಿದ್ದು, ರೇಡಿಯೇಟರ್ ಮುಂದಿರುವುದರಿಂದ ನಡುವಿನ ಉದ್ದ ಪೈಪುಗಳನ್ನೂ ಪೂರ್ತಿ ನೋಡಬೇಕು.

ಕೈಗೆ ಬೇಕಾದ ಸಾಮಾನು

10ರಿಂದ 19ರವರೆಗಿನ ಸ್ಪ್ಯಾನರ್ ಮತ್ತು ಸಾಕೆಟ್, ಕಟಿಂಗ್ ಪ್ಲೇಯರ್, ಚಪ್ಪಟೆ ತಿರುಪುಳಿ, ಒಳ್ಳೆಯ ಟಾರ್ಚ್, ಕೈಗನ್ನಡಿ, ಎಮೆರಿ ಕಾಗದ, ಹತ್ತು ಲೀಟರಿಗಿಂತ ದೊಡ್ಡ ಅಗಲ ಬಾಯಿಯ ಟಬ್, ಅಳತೆ ಗುರುತಿರುವ ಕ್ಯಾನ್, ರಬ್ಬರ್ ಕೈಗವಸು, ಗಾಲಿಗೆ ಕೊಡಲು ಎರಡು ಮರದ ದಿಮ್ಮಿ. ಗಾಡಿ ಎತ್ತುವುದಿದ್ದರೆ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಮಂಚ, ಬೀರು, ನೀರಿನ ಟ್ಯಾಂಕ್ ಎಲ್ಲ ಸೇರಿ ಕ್ಯಾಂಪರ್‌ನ ತೂಕ ಮೊದಲಿಗಿಂತ ಬಹಳ ಹೆಚ್ಚಾಗಿರುತ್ತದೆ.

ಇವುಗಳ ಜೊತೆಗೆ ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟರ್ ಬೇಕು: ಗೇಜ್ ಇರುವ ಕೈ ಪಂಪು, ರೇಡಿಯೇಟರ್ ಬಾಯಿಗೆ ಕೂರುವ ಅಡಾಪ್ಟರ್. ಕೊಳ್ಳಲಾಗದಿದ್ದರೆ ಪರಿಚಯದ ರೇಡಿಯೇಟರ್ ಅಂಗಡಿಯಿಂದ ಒಂದು ದಿನಕ್ಕೆ ಕೇಳಿ ತನ್ನಿ. ಹುಡುಕುವ ಕೆಲಸಕ್ಕೆ ಬೇರೆ ಯಾವುದನ್ನು ಬಿಟ್ಟರೂ ನಡೆದೀತು, ಇದನ್ನು ಬಿಟ್ಟರೆ ನಡೆಯದು. ಇದಿಲ್ಲದೆ ಹುಡುಕುವುದೆಂದರೆ ಊಹೆ ಮಾಡುವುದು.

ಹಂತ 1: ಎಂಜಿನ್ ಪೂರ್ತಿ ತಣ್ಣಗಾಗಲಿ

ಸಾಧ್ಯವಿದ್ದರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕೆಲಸ ಶುರು ಮಾಡಿ. ಬಿಸಿ ಎಂಜಿನ್‌ನ ಒಳಗಿರುವುದು ಒತ್ತಡದಲ್ಲಿರುವ ನೀರು. 0.9 ಬಾರ್ ಒತ್ತಡ ಹಿಡಿಯುವ ರೇಡಿಯೇಟರ್ ಕ್ಯಾಪ್ ಇದ್ದರೆ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯದೆ ಇರುತ್ತದೆ. ಕ್ಯಾಪ್ ತೆರೆದ ಕ್ಷಣ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಹಿಚುಕಿ ನೋಡಿ. ತಣ್ಣಗಿದ್ದು ಮೆತ್ತಗೆ ಒತ್ತಿಕೊಂಡರೆ ಮಾತ್ರ ದಪ್ಪ ಬಟ್ಟೆ ಹಾಕಿ ಕ್ಯಾಪನ್ನು ಮೊದಲ ಹಲ್ಲಿನವರೆಗೆ ತಿರುಗಿಸಿ, ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಕ್ಯಾಂಪರ್‌ನಲ್ಲಿ ಎರಡನೇ ಬ್ಯಾಟರಿ ಇರುತ್ತದೆ, ಸೋಲಾರ್ ಇರುತ್ತದೆ. ಎರಡು ಬ್ಯಾಟರಿಗಳಿಗೆ ನಡುವೆ ಸಂಪರ್ಕ ಇದ್ದರೆ ಎರಡರದ್ದೂ ಬಿಚ್ಚಬೇಕು. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು. ಬೆರಳು ಅಲ್ಲೇ ಇರುತ್ತದೆ.

ಹಂತ 2: ಸೋರುತ್ತಿರುವುದು ಕೂಲಂಟೇ ಎಂದು ಖಚಿತಪಡಿಸಿಕೊಳ್ಳಿ

ಕ್ಯಾಂಪರ್‌ನ ಕೆಳಗೆ ನೀರು ಬೀಳಲು ಬೇರೆ ಕಾರಣಗಳೂ ಇವೆ: ಎಸಿಯ ನೀರು, ಸಿಂಕಿನ ಕೊಳಕು ನೀರಿನ ಪೈಪು, ಕುಡಿಯುವ ನೀರಿನ ಟ್ಯಾಂಕಿನ ಜಾಯಿಂಟ್. ಕ್ಯಾಂಪರ್ ಒಳಗಿನ ನೀರಿನ ಟ್ಯಾಂಕುಗಳನ್ನು ಖಾಲಿ ಮಾಡಿ, ಗಾಡಿಯ ಕೆಳಗೆ ಬಿಳಿ ರಟ್ಟು ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ರಟ್ಟಿನ ಮೇಲಿನ ಹನಿ ಹಸಿರು, ಗುಲಾಬಿ ಅಥವಾ ತುಕ್ಕಿನ ಬಣ್ಣದ್ದಾಗಿ, ಬೆರಳಿಗೆ ಸ್ವಲ್ಪ ಜಾರುವಂತಿದ್ದು, ಸಿಹಿ ವಾಸನೆ ಬಂದರೆ ಅದು ಕೂಲಂಟ್. ಬಾಯಿಗೆ ಹಾಕಿ ನೋಡಬೇಡಿ. ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾಗಿರುವುದರಿಂದಲೇ ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ. ಮಕ್ಕಳನ್ನೂ ದೂರವಿಡಿ.

ಬರೀ ನೀರು ತುಂಬಿಸಿ ಓಡಿಸುತ್ತಿದ್ದವರಿಗೆ ಬಣ್ಣದಿಂದ ಗೊತ್ತಾಗುವುದಿಲ್ಲ. ಅವರು ಮುಂದಿನ ಹಂತವನ್ನೇ ನಂಬಬೇಕು.

ಇನ್ನೊಂದು ಸುಳ್ಳು ಸುಳಿವು ಓವರ್‌ಫ್ಲೋ ಬಾಟಲ್, ಅಂದರೆ ರೇಡಿಯೇಟರ್‌ನಿಂದ ಹೊರಬಂದ ಕೂಲಂಟ್ ಸೇರುವ ಬಾಟಲ್. ತಣ್ಣಗಿದ್ದಾಗಲೇ ಅದನ್ನು ಕಂಠಪೂರ್ತಿ ತುಂಬಿಸಿದರೆ ಬಿಸಿಯಾದಾಗ ಹಿಗ್ಗಿದ ಕೂಲಂಟ್ ಚೆಲ್ಲಿಯೇ ಚೆಲ್ಲುತ್ತದೆ. ಬಾಟಲಿಗೆ ಹೋಗುವ ಸಣ್ಣ ಪೈಪು ಬಿರುಕು ಬಿಟ್ಟಿದ್ದರೆ ಹೊರಹೋದ ಕೂಲಂಟ್ ತಣ್ಣಗಾದ ಮೇಲೆ ವಾಪಸ್ ಬರುವುದಿಲ್ಲ, ಗಾಳಿ ಒಳಬರುತ್ತದೆ. ರೇಡಿಯೇಟರ್ ದಿನಾ ಖಾಲಿಯಾದಂತೆ ಕಾಣುತ್ತದೆ, ಬಾಟಲ್ ಮಾತ್ರ ತುಂಬಿರುತ್ತದೆ. ಕಡಿಮೆ ದುಡ್ಡಿನ ಆ ಪೈಪನ್ನು ನೋಡದೆ ರೇಡಿಯೇಟರ್ ಬಿಚ್ಚಿಸಿದವರು ಬೇಕಾದಷ್ಟು ಜನ ಇದ್ದಾರೆ.

ಹಂತ 3: ಒಣಗಿಸಿ, ಒತ್ತಡ ಕೊಟ್ಟು, ಮೇಲಿನಿಂದ ಕೆಳಗೆ ನೋಡಿ

ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ.

ಮುಂದಿನ ಬಾನೆಟ್ ತೆರೆಯಿರಿ, ಕ್ಯಾಬಿನ್ ಒಳಗಿನ ಎಂಜಿನ್ ಕವರ್ ತೆಗೆಯಿರಿ. ಕ್ಯಾಂಪರ್ ಮಾಡುವಾಗ ಬಡಗಿ ಆ ಕವರ್ ಮೇಲೆ ಪ್ಲೈವುಡ್ ಪೆಟ್ಟಿಗೆಯನ್ನೋ ಸೀಟನ್ನೋ ಕೂರಿಸಿದ್ದರೆ ಅದನ್ನೂ ಬಿಚ್ಚಲೇಬೇಕು. ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಎದುರಿಗಿರುವುದು ಮಾತ್ರ ಕಾಣುತ್ತದೆ. ಶಬ್ದ ತಡೆಯಲು ಅಂಟಿಸಿದ ಸ್ಪಂಜು, ಉಣ್ಣೆ ನೆನೆದಿದ್ದರೆ ಕಿತ್ತು ಬಿಸಾಡಿ. ಅದು ಸೋರಿದ್ದನ್ನು ಹೀರಿಕೊಂಡು ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ.

ಎಂಜಿನ್ ಸುತ್ತ ಬಟ್ಟೆಯಿಂದ ಒರೆಸಿ ಒಣಗಿಸಿ. ಈಗ ಒಣ ಗುರುತುಗಳನ್ನು ಹುಡುಕಿ. ಹಳೆಯ ಸೋರಿಕೆ ಯಾವತ್ತೂ ಕುರುಹು ಬಿಟ್ಟಿರುತ್ತದೆ: ಹೋಸ್ ಕ್ಲಿಪ್‌ನ ಅಂಚಿನಲ್ಲಿ ಉಪ್ಪು ಕಟ್ಟಿದಂಥ ಬಿಳಿ ಪುಡಿ, ರೇಡಿಯೇಟರ್ ಬೆಸುಗೆಯ ಮೇಲೆ ಹಸಿರು ಕಿಲುಬು, ವಾಟರ್ ಪಂಪಿನ ಹೊಟ್ಟೆಯ ಕೆಳಗೆ ಸೀಸದ ಕಡ್ಡಿಯಷ್ಟು ಸಣ್ಣ ತೂತಿನಿಂದ ಇಳಿದ ಕಂದು ಗೆರೆ. ಆ ತೂತು ಅಲ್ಲಿರುವುದೇ ಪಂಪಿನ ಸೀಲ್ ಹೋದಾಗ ನೀರನ್ನು ಬೇರಿಂಗಿಗೆ ಬಿಡದೆ ಹೊರಗೆ ಹಾಕಲು. ಅದರಿಂದ ಹನಿ ಬರುತ್ತಿದ್ದರೆ ಪಂಪು ಮುಗಿಯಿತು ಎಂದರ್ಥ. ಅದಕ್ಕೆ ಎಂಸೀಲ್ ತುಂಬಿ ಮುಚ್ಚುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ನೀರು ಬೇರಿಂಗಿಗೆ ನುಗ್ಗಿ, ಪಂಪು ಹಿಡಿದುಕೊಂಡು, ಫ್ಯಾನ್ ಕಿತ್ತು ರೇಡಿಯೇಟರನ್ನೇ ಸೀಳುವ ಅಪಾಯವಿದೆ.

ಈಗ ರೇಡಿಯೇಟರ್ ಬಾಯಿಯವರೆಗೆ ತುಂಬಿಸಿ ಟೆಸ್ಟರ್ ಕೂರಿಸಿ. ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಕೊಡಿ, ಹೆಚ್ಚು ಬೇಡ. 0.9 ಎಂದಿದ್ದರೆ 0.9 ಬಾರ್, 13 ಎಂದಿದ್ದರೆ ಪಿಎಸ್‌ಐ ಲೆಕ್ಕದಲ್ಲಿ 13, ಎರಡೂ ಹೆಚ್ಚುಕಡಿಮೆ ಒಂದೇ. ಕಾಲು ಗಂಟೆ ಕಾಯಿರಿ. ಟೆಸ್ಟರ್ ಗೇಜಿನ ಮುಳ್ಳು ಇಳಿಯುತ್ತಿದ್ದರೆ ಈ ಕ್ರಮದಲ್ಲಿ ನೋಡುತ್ತ ಹೋಗಿ: ಮೇಲಿನ ಹೋಸಿನ ಎರಡೂ ತುದಿ, ತರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ದಾರಿ ಬಿಡುವ ವಾಲ್ವ್) ಹೌಸಿಂಗ್, ರೇಡಿಯೇಟರ್ ಮೇಲಿನ ಟ್ಯಾಂಕ್, ವಾಟರ್ ಪಂಪು, ಹೀಟರ್ ಹೋಸುಗಳು, ಕೆಳಗಿನ ಹೋಸ್, ರೇಡಿಯೇಟರ್ ಕೆಳ ಟ್ಯಾಂಕ್ ಮತ್ತು ಡ್ರೇನ್ ಪ್ಲಗ್, ಕೊನೆಗೆ ಎಂಜಿನ್ ಬ್ಲಾಕ್ ಬದಿಯ ಡಮ್ಮಿ ಪ್ಲಗ್‌ಗಳು, ಅಂದರೆ ಅದರ ತೂತುಗಳನ್ನು ಮುಚ್ಚಿದ ಲೋಹದ ಬಿಲ್ಲೆಗಳು. ಕಣ್ಣಿಗೆ ಕಾಣದ ಹಿಂಬದಿಗೆ ಕನ್ನಡಿ ಹಿಡಿಯಿರಿ, ಬೆರಳಾಡಿಸಿ ನೋಡಿ.

ನೆನಪಿಡಬೇಕಾದ ಮಾತು: ಹನಿ ಬೀಳುವ ಜಾಗ ಸೋರುವ ಜಾಗವಲ್ಲ. ಓಡುವಾಗ ಫ್ಯಾನ್ ಗಾಳಿ, ಎದುರು ಗಾಳಿ ಎರಡೂ ನೀರನ್ನು ಹಿಂದಕ್ಕೆ ತಳ್ಳುತ್ತವೆ. ಮೇಲಿನ ಹೋಸಿನಿಂದ ಹೊರಟ ನೀರು ಗೇರ್‌ಬಾಕ್ಸ್ ಹತ್ತಿರ ತೊಟ್ಟಿಕ್ಕಬಹುದು. ಒದ್ದೆಯ ಜಾಡು ಹಿಡಿದು, ಅದರ ಅತಿ ಎತ್ತರದ ಮತ್ತು ಅತಿ ಮುಂದಿನ ಬಿಂದು ಸಿಗುವವರೆಗೆ ಹೋಗಬೇಕು. ಒಂದು ಸಿಕ್ಕಿತೆಂದು ನಿಲ್ಲಿಸಲೂಬಾರದು. ಹಳೆಯ ಗಾಡಿಯಲ್ಲಿ ಎರಡು ಕಡೆ ಸೋರುವುದು ಸಾಮಾನ್ಯ. ಪೂರ್ತಿ ಪಟ್ಟಿ ನೋಡಿ ಮುಗಿಸಿ.

ಅದೇ ಟೆಸ್ಟರ್‌ನಲ್ಲಿ ಕ್ಯಾಪನ್ನೂ ಪರೀಕ್ಷಿಸಿ. ಬರೆದ ಒತ್ತಡ ಹಿಡಿಯದ ಕ್ಯಾಪ್ ಸೋರಿಕೆಯೂ ಹೌದು, ಓವರ್‌ಹೀಟಿಗೆ ಕಾರಣವೂ ಹೌದು. ಬದಲಿಗೆ ಹೆಚ್ಚು ಒತ್ತಡದ ಕ್ಯಾಪ್ ಹಾಕಿ ‘ಬಲ’ ಮಾಡಲು ಹೋಗಬೇಡಿ, ಹಳೆಯ ರೇಡಿಯೇಟರ್ ಬಾಯಿ ಬಿಡುತ್ತದೆ.

ಮುಳ್ಳು ಇಳಿಯುತ್ತಿದೆ, ಹೊರಗೆ ಎಲ್ಲೂ ಹನಿಯಿಲ್ಲ ಎಂದರೆ

ಮೊದಲು ಡ್ರೈವರ್ ಕಾಲಬಳಿಯ ಮ್ಯಾಟ್ ಎತ್ತಿ ನೋಡಿ. ಒದ್ದೆಯಿದ್ದು ಸಿಹಿ ವಾಸನೆ ಬಂದರೆ, ಹೀಟರ್ ಹಾಕಿದಾಗ ಗಾಜಿನ ಒಳಗೆ ಜಿಡ್ಡಿನ ಮಂಜು ಕೂತರೆ, ಹೀಟರ್ ಕೋರ್, ಅಂದರೆ ಕ್ಯಾಬಿನ್ ಹೀಟರ್ ಒಳಗಿನ ಸಣ್ಣ ರೇಡಿಯೇಟರ್, ಸೋರುತ್ತಿದೆ.

ಅದೂ ಅಲ್ಲವಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೇಲೆ ಸಂಶಯ. ಲಕ್ಷಣಗಳು: ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ನೊರೆ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಕಲ್ಲಿನಂತಾಗುವ ಮೇಲಿನ ಹೋಸ್, ರೇಡಿಯೇಟರ್ ಬಾಯಲ್ಲಿ ನಿಲ್ಲದೆ ಏಳುವ ಗುಳ್ಳೆ. ಎಂಜಿನ್ ಹೊಗೆ ಕೂಲಂಟಿಗೆ ಸೇರಿದೆಯೇ ಎಂದು ರೇಡಿಯೇಟರ್ ಬಾಯಿಗೆ ಇಟ್ಟು ನೋಡುವ ಬ್ಲಾಕ್ ಟೆಸ್ಟ್‌ನಲ್ಲಿ ನೀಲಿ ದ್ರವ ಹಸಿರು ಅಥವಾ ಹಳದಿ ಬಣ್ಣಕ್ಕೆ ತಿರುಗಿದರೆ ಸಂಶಯ ಖಚಿತ. ಇಲ್ಲಿಗೆ ಮನೆಯಂಗಳದ ಕೆಲಸ ಮುಗಿಯಿತು. ಹೆಡ್ ಇಳಿಸಿ, ಮೇಲ್ಮೈ ಸಮ ಇದೆಯೇ ನೋಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸುವುದು ಡೀಸೆಲ್ ಎಂಜಿನ್ ಬಲ್ಲ ಮೆಕ್ಯಾನಿಕ್ ಮತ್ತು ಲೇತ್ ಅಂಗಡಿಯ ಕೆಲಸ. ಆಯಿಲಿಗೆ ನೀರು ಸೇರಿದ ಗಾಡಿಯನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ.

ಹಂತ 4: ಕೂಲಂಟ್ ಇಳಿಸಿ, ಅಳೆದಿಡಿ

ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿ ಟಬ್‌ಗೆ ಇಳಿಸಿ. ಪ್ಲಗ್ ತುಕ್ಕು ಹಿಡಿದು ಕೂತಿದ್ದರೆ ಜಗ್ಗಾಡಬೇಡಿ, ಕೆಳಗಿನ ಹೋಸ್ ಬಿಚ್ಚಿದರೂ ಇಳಿಯುತ್ತದೆ. ಎಷ್ಟು ಲೀಟರ್ ಬಂತೆಂದು ಅಳೆದು ಬರೆದಿಡಿ. ಕೊನೆಯಲ್ಲಿ ಗಾಳಿ ಸಿಕ್ಕಿಕೊಂಡಿದೆಯೇ ಇಲ್ಲವೇ ಎಂದು ಹೇಳುವುದು ಈ ಲೆಕ್ಕ.

ಇಳಿಸಿದ್ದನ್ನು ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಮುಚ್ಚಳವಿರುವ ಕ್ಯಾನ್‌ನಲ್ಲಿ ತುಂಬಿ, ಹಳೆಯ ಆಯಿಲ್, ಕೂಲಂಟ್ ಸಂಗ್ರಹಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ.

ಹಂತ 5: ಸೋರುವ ಭಾಗ ಸರಿಪಡಿಸಿ

ಹೋಸ್: ಹಳೆಯ ಹೋಸ್ ರೇಡಿಯೇಟರ್ ಕೊಳವೆಗೆ ಅಂಟಿಕೊಂಡಿರುತ್ತದೆ. ತಿರುಪುಳಿ ತೂರಿಸಿ ಮೀಟಬೇಡಿ. ಹೇಗೂ ಬಿಸಾಡುವ ಹೋಸ್, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿದು ತೆಗೆಯಿರಿ. ಮೀಟಿದರೆ ಹಿತ್ತಾಳೆಯ ಕೊಳವೆ ಅಂಡಾಕಾರವಾಗುತ್ತದೆ, ಪ್ಲಾಸ್ಟಿಕ್ ಕೊಳವೆ ಮುರಿಯುತ್ತದೆ. ಕೊಳವೆಯ ಮೇಲಿನ ಬಿಳಿ ಕರೆಯನ್ನು ಎಮೆರಿಯಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಹೊಸ ಹೋಸ್ ಹಾಕಿದರೂ ಸೋರುತ್ತದೆ ಎನ್ನುವವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಈ ಉಜ್ಜುವ ಕೆಲಸವನ್ನೇ. ಹೋಸ್ ಕೂರಿಸಲು ಸೋಪು ನೀರು ಸಾಕು. ಗ್ರೀಸ್, ಆಯಿಲ್ ರಬ್ಬರನ್ನು ತಿನ್ನುತ್ತವೆ. ಕೊಳವೆಯ ತುದಿಯಲ್ಲಿ ಉಬ್ಬಿದ ಬಳೆ ಇರುತ್ತದಲ್ಲ, ಕ್ಲಿಪ್ ಅದರ ಹಿಂದೆ ಕೂರಬೇಕು. ಬಳೆಯ ಮೇಲೆಯೇ ಕೂರಿಸಿದರೆ ಎಷ್ಟು ಬಿಗಿದರೂ ಜಾರುತ್ತದೆ. ಕ್ಲಿಪ್ಪಿನ ಸೀಳುಗಳಿಂದ ರಬ್ಬರ್ ಉಕ್ಕುವಷ್ಟು ಬಿಗಿಯಬೇಡಿ.

ಕ್ಲಿಪ್ ಬಳಿ ಮಾತ್ರ ಸೀಳಿ, ಉಳಿದ ಹೋಸ್ ಚೆನ್ನಾಗಿದ್ದು, ಉದ್ದವೂ ಸಾಕಷ್ಟಿದ್ದರೆ ತುದಿ ಕತ್ತರಿಸಿ ಮತ್ತೆ ಕೂರಿಸಬಹುದು. ಆದರೆ ಹಿಚುಕಿದಾಗ ಚರಚರ ಸದ್ದು ಬರುವ, ಅಥವಾ ಆಯಿಲ್ ತಾಗಿ ಮೆತ್ತಗಾಗಿ ಊದಿದ ಹೋಸನ್ನು ಉಳಿಸಬೇಡಿ. ನನ್ನ ಸಲಹೆ, ಒಂದು ಹೋದರೆ ಮೇಲಿನದು, ಕೆಳಗಿನದು ಎರಡನ್ನೂ ಬದಲಾಯಿಸಿ. ಎರಡರ ವಯಸ್ಸೂ ಒಂದೇ.

ರೇಡಿಯೇಟರ್: ತಾಮ್ರ-ಹಿತ್ತಾಳೆಯದ್ದಾದರೆ ರೇಡಿಯೇಟರ್ ಅಂಗಡಿಯಲ್ಲಿ ಬೆಸುಗೆ ಹಾಕಿಸಬಹುದು. ಕೊಡುವಾಗ ಟ್ಯಾಂಕ್ ಬಿಚ್ಚಿ ಒಳಗಿನ ಕೊಳವೆಗಳಿಗೆ ಕಡ್ಡಿ ಆಡಿಸಿ ಶುಚಿ ಮಾಡಲು, ನೀರಲ್ಲಿ ಮುಳುಗಿಸಿ ಗಾಳಿ ಬಿಟ್ಟು ತೋರಿಸಲು ಕೇಳಿ. ಗುಳ್ಳೆ ಬರುವುದಿಲ್ಲ ಎಂದು ಕಣ್ಣಾರೆ ನೋಡಿ ತನ್ನಿ. ಅಲ್ಯುಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್ ಇರುವುದಾದರೆ ಪ್ಲಾಸ್ಟಿಕ್ ಬಿರುಕಿಗೆ ಬಾಳುವ ರಿಪೇರಿ ಇಲ್ಲ, ಹೊಸದೇ ದಾರಿ.

ವಾಟರ್ ಪಂಪು: ಈ ಡೀಸೆಲ್ ಎಂಜಿನ್‌ನಲ್ಲಿ ಫ್ಯಾನ್ ಪಂಪಿನ ಮೇಲೆಯೇ ಕೂತಿರುತ್ತದೆ. ಬಿಚ್ಚುವ ಮೊದಲು ರೇಡಿಯೇಟರ್ ಮುಖಕ್ಕೆ ದಪ್ಪ ರಟ್ಟು ಇಳಿಬಿಡಿ, ಸ್ಪ್ಯಾನರ್ ಜಾರಿದರೆ ರೆಕ್ಕೆಗಳು ಉಳಿಯುತ್ತವೆ. ಫ್ಯಾನ್ ಹಿಡಿದು ಹಿಂದೆ ಮುಂದೆ ಅಲುಗಿಸಿ. ಆಟ ಇದ್ದರೆ ಸೋರದಿದ್ದರೂ ಪಂಪು ಬದಲಾಯಿಸಿ. ಬೋಲ್ಟುಗಳ ಉದ್ದ ಬೇರೆ ಬೇರೆ ಇರುತ್ತದೆ, ಯಾವುದು ಎಲ್ಲಿಯದೆಂದು ರಟ್ಟಿನಲ್ಲಿ ಚುಚ್ಚಿಡಿ. ಬ್ಲಾಕ್ ಮೇಲಿನ ಹಳೆಯ ಗ್ಯಾಸ್ಕೆಟ್ ಚೂರು ಒಂದೂ ಉಳಿಯಬಾರದು, ಕೆರೆಯುವಾಗ ಲೋಹಕ್ಕೆ ಗೀರೂ ಬೀಳಬಾರದು. ಹೊಸ ಗ್ಯಾಸ್ಕೆಟ್‌ಗೆ ಸಿಲಿಕಾನ್ ಬಳಿಯುವುದಾದರೆ ತೆಳುವಾಗಿ. ಧಾರಾಳವಾಗಿ ಹಚ್ಚಿದ ಸಿಲಿಕಾನ್ ಒಳಕ್ಕೆ ಹಿಂಡಿಕೊಂಡು, ಕಿತ್ತುಬಂದು ರೇಡಿಯೇಟರ್ ಕೊಳವೆ ಕಟ್ಟುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಬೆಲ್ಟ್ ಹಾಕಿದ ಮೇಲೆ ಅದರ ಉದ್ದ ಭಾಗದ ನಡುವೆ ಹೆಬ್ಬೆರಳಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು.

ತರ್ಮೋಸ್ಟಾಟ್: ಹೌಸಿಂಗ್ ಬಿಚ್ಚಿದ್ದೀರೆಂದರೆ ಗ್ಯಾಸ್ಕೆಟ್ ಹೊಸದು ಹಾಕಿ. ವಾಲ್ವನ್ನು ನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿ ನೋಡಿ. ಮೇಲೆ ಕೆತ್ತಿದ ತಾಪಮಾನಕ್ಕೆ, ಅಂದರೆ 80 ಅಥವಾ 82ರ ಆಸುಪಾಸು, ಬಾಯಿ ಬಿಡಲು ಶುರುವಾಗಬೇಕು. ‘ನಮ್ಮ ಬಿಸಿಲಿಗೆ ಇದು ಬೇಡ’ ಎಂದು ತೆಗೆದು ಬಿಸಾಡುವವರ ಮಾತು ಕೇಳಬೇಡಿ. ಅದಿಲ್ಲದೆ ಎಂಜಿನ್ ಸರಿಯಾದ ಬಿಸಿಗೆ ಬರುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು.

ಸೋರಿಕೆ ನಿಲ್ಲಿಸುವ ಪುಡಿ, ದ್ರವ, ಲಾರಿಯವರು ಹಾಕುವ ಅರಿಶಿನ, ಇವು ಬೇಡ. ಅರಿಶಿನದಿಂದ ಸಣ್ಣ ತೂತು ಕೆಲಕಾಲ ಮುಚ್ಚುವುದು ನಿಜ. ಅದೇ ಪುಡಿ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಹೀಟರ್ ಕೋರ್‌ನಲ್ಲೂ ಕೂರುತ್ತದೆ. ಆಗ ಸೋರದಿದ್ದರೂ ಮಿತಿಮೀರಿ ಬಿಸಿಯಾಗುವ ಎಂಜಿನ್ ನಿಮ್ಮದಾಗುತ್ತದೆ, ಅದು ಸೋರುವುದಕ್ಕಿಂತ ಕೆಟ್ಟದ್ದು.

ಹಂತ 6: ತೊಳೆದು, ಸರಿಯಾದ ಕೂಲಂಟ್ ತುಂಬಿಸಿ

ಇಳಿಸಿದ್ದು ತುಕ್ಕಿನ ನೀರಾಗಿದ್ದರೆ ಶುದ್ಧ ನೀರು ತುಂಬಿ, ಬ್ಯಾಟರಿ ಜೋಡಿಸಿ ಎಂಜಿನ್ ಓಡಿಸಿ ಬಿಸಿ ಮಾಡಿ, ತಣ್ಣಗಾದ ಮೇಲೆ ಇಳಿಸಿ, ತಿಳಿ ನೀರು ಬರುವವರೆಗೆ ಹೀಗೆಯೇ ಮಾಡಿ.

ಕೂಲಂಟ್ ಕ್ಯಾನಿನ ಮೇಲೆ ಬರೆದದ್ದನ್ನು ಪೂರ್ತಿ ಓದಿ. ನೇರವಾಗಿ ಹಾಕುವಂಥದ್ದಕ್ಕೆ ಮತ್ತೆ ನೀರು ಬೆರೆಸುವುದು, ಕಾನ್ಸಂಟ್ರೇಟ್ ಅನ್ನು ಬೆರೆಸದೆ ಹಾಕುವುದು, ಎರಡೂ ಪದೇ ಪದೇ ಆಗುವ ತಪ್ಪು. ಕಾನ್ಸಂಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಬೇಡ, ಗಡಸು ನೀರಿನ ಸುಣ್ಣ ಕೊಳವೆಗಳ ಒಳಗೆ ಕರೆಗಟ್ಟುತ್ತದೆ. ಬಣ್ಣ ನೋಡಿ ಒಂದರ ಮೇಲೊಂದು ಬೆರೆಸಬೇಡಿ, ಬಣ್ಣ ಒಂದೇ ಇದ್ದರೂ ಒಳಗಿನ ರಸಾಯನ ಬೇರೆ ಇರಬಹುದು. ತಾಮ್ರ-ಹಿತ್ತಾಳೆಯ ರೇಡಿಯೇಟರ್ ಇದ್ದರೆ ಅದಕ್ಕೆ ಒಪ್ಪುವಂಥದ್ದೇ ಎಂದು ಕೇಳಿ ಕೊಳ್ಳಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ತುಕ್ಕು ತಡೆಯುವುದಕ್ಕೆ, ಕುದಿಯುವ ಮಟ್ಟ ಏರಿಸುವುದಕ್ಕೆ. ಬರೀ ನೀರಿನಲ್ಲಿ ಓಡಿದ ಎಂಜಿನ್‌ನ ಡಮ್ಮಿ ಪ್ಲಗ್ ಒಳಗಿನಿಂದಲೇ ತಿಂದುಹೋಗಿ ತೂತಾಗುತ್ತದೆ.

ಹಂತ 7: ಗಾಳಿ ತೆಗೆಯಿರಿ

ರಿಪೇರಿ ಸರಿಯಿದ್ದೂ ಮರುದಿನ ಓವರ್‌ಹೀಟ್ ಆಗುವ ಗಾಡಿಗಳಲ್ಲಿ ಮೊದಲು ಸಂಶಯಪಡಬೇಕಾದದ್ದು ಈ ಹಂತದ ಮೇಲೆ. ಹೆಡ್ ಒಳಗೆ ಗಾಳಿ ನಿಂತರೆ ಅಲ್ಲಿಗೆ ಕೂಲಂಟ್ ತಲುಪುವುದಿಲ್ಲ. ತಾಪಮಾನದ ಸೆನ್ಸರ್ ಗಾಳಿಯಲ್ಲಿ ನಿಂತಿದ್ದರೆ ಮುಳ್ಳು ಏರದೆಯೇ ಹೆಡ್ ಸುಡುತ್ತದೆ.

ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂಗಾಲಿಗಳಿಗೆ ದಿಮ್ಮಿ ಕೊಡಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಇಲ್ಲದಿದ್ದರೆ ಹೀಟರ್ ಪೈಪಿನ ಗಾಳಿ ಅಲ್ಲೇ ಉಳಿಯುತ್ತದೆ. ನಿಧಾನವಾಗಿ, ದಾರದಂತೆ ಸುರಿಯಿರಿ. ನಡುನಡುವೆ ಮೇಲಿನ ಹೋಸ್ ಹಿಚುಕಿ ಬಿಡಿ, ಗುಳ್ಳೆ ಬಂದು ಮಟ್ಟ ಇಳಿಯುತ್ತದೆ, ಮತ್ತೆ ಸುರಿಯಿರಿ.

ಬ್ಯಾಟರಿ ಜೋಡಿಸಿ, ಕ್ಯಾಪ್ ಹಾಕದೆ ಎಂಜಿನ್ ಸ್ಟಾರ್ಟ್ ಮಾಡಿ. ಮುಖ ದೂರವಿರಲಿ, ಅಂಗಿಯ ತೋಳು, ಶಾಲು, ಕೂದಲು ಫ್ಯಾನಿಗೆ ಸಿಗದಂತಿರಲಿ. ಮೊದಲು ಮೇಲಿನ ಹೋಸ್ ತಣ್ಣಗೇ ಇರುತ್ತದೆ. ತರ್ಮೋಸ್ಟಾಟ್ ತೆರೆದ ಕ್ಷಣ ಅದು ಒಮ್ಮೆಗೇ ಬಿಸಿಯಾಗಿ, ರೇಡಿಯೇಟರ್‌ನ ಮಟ್ಟ ತಟಕ್ಕನೆ ಇಳಿಯುತ್ತದೆ. ಆಗ ತುಂಬಿಸಿ. ಗುಳ್ಳೆ ನಿಂತು, ಕ್ಯಾಬಿನ್ ಒಳಗೆ ಹೀಟರ್‌ನಿಂದ ಬಿಸಿ ಗಾಳಿ ಬಂದರೆ ಕ್ಯಾಪ್ ಮುಚ್ಚಿ. ಒಟ್ಟು ಎಷ್ಟು ಹೋಯಿತೆಂದು ಲೆಕ್ಕ ಹಾಕಿ, ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ಹೋಲಿಸಿ. ಪುಸ್ತಕವಿಲ್ಲದಿದ್ದರೆ ನಾಲ್ಕನೇ ಹಂತದಲ್ಲಿ ಬರೆದಿಟ್ಟ ಲೆಕ್ಕ ಇದೆಯಲ್ಲ, ಅದಕ್ಕಿಂತ ಕಡಿಮೆ ಹಿಡಿದಿದ್ದರೆ ಗಾಳಿ ಒಳಗಿದೆ. ತಣ್ಣಗಾಗಲು ಬಿಟ್ಟು ಮತ್ತೊಮ್ಮೆ ಮಾಡಿ.

ಹಂತ 8: ಮೊದಲು ಊರೊಳಗೆ, ಆಮೇಲೆ ಘಾಟಿ

ಮೊದಲ ಓಟ ಮನೆಯಿಂದ ಹತ್ತು ಹದಿನೈದು ಕಿಲೋಮೀಟರ್ ಒಳಗೆ ಇರಲಿ. ಬಂದು ನಿಲ್ಲಿಸಿದ ಕೂಡಲೇ ಜಾಯಿಂಟುಗಳನ್ನು ಟಾರ್ಚ್ ಹಾಕಿ ನೋಡಿ, ರಾತ್ರಿ ಮತ್ತೆ ರಟ್ಟು ಹಾಸಿ. ಮರುದಿನ ತಣ್ಣಗಿದ್ದಾಗ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿ. ಹೊಸ ರಬ್ಬರ್ ಮೊದಲ ಬಿಸಿಗೆ ಸ್ವಲ್ಪ ಕುಗ್ಗುತ್ತದೆ. ಕೆಲವು ಜಾಯಿಂಟು ಬಿಸಿಯಲ್ಲಿ ಸೋರದೆ ತಣ್ಣಗಾದ ಮೇಲೆ ಮಾತ್ರ ಸೋರುತ್ತವೆ, ಆದ್ದರಿಂದ ಬೆಳಗಿನ ನೋಟ ತಪ್ಪಿಸಬೇಡಿ.

ಬಾಟಲಿಗೆ ಮಟ್ಟದ ಗುರುತು ಹಾಕಿ, ಕೆಲವು ದಿನ ಬೆಳಿಗ್ಗೆ ತಣ್ಣಗಿದ್ದಾಗ ನೋಡಿ. ಮೊದಲ ಒಂದೆರಡು ದಿನ ಸ್ವಲ್ಪ ಇಳಿದು ನಿಂತರೆ ಉಳಿದ ಗಾಳಿ ಹೊರಹೋಗಿದೆ ಅಷ್ಟೇ. ಹೊರಗೆ ಹನಿಯಿಲ್ಲದೆ ದಿನಾ ಇಳಿಯುತ್ತಲೇ ಇದ್ದರೆ ಬ್ಲಾಕ್ ಟೆಸ್ಟ್ ಮಾಡಿಸದೆ ಶಿರಾಡಿ, ಚಾರ್ಮಾಡಿ, ಆಗುಂಬೆ ಕಡೆ ಹೊರಡಬೇಡಿ.

ದಾರಿಯಲ್ಲೇ ಸೋರಿದರೆ

ಮುಳ್ಳು ಏರುತ್ತಿದ್ದರೆ ಎಸಿ ನಿಲ್ಲಿಸಿ, ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಿ. ಕೂಲಂಟ್ ಇನ್ನೂ ಇದ್ದು ಬರೀ ಬಿಸಿ ಏರಿದ್ದರೆ ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಹೋಸ್ ಒಡೆದು ಹಬೆ ಎದ್ದಿದ್ದರೆ ತಕ್ಷಣ ಆಫ್ ಮಾಡಿ. ಬಿಸಿ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ, ಗಂಟೆಯಾದರೂ ಕಾಯಲೇಬೇಕು.

ಗಾಡಿಯಲ್ಲಿ ಸದಾ ಇರಬೇಕಾದದ್ದು: ತನಗೆ ತಾನೇ ಅಂಟುವ ಸಿಲಿಕಾನ್ ಟೇಪ್, ಎರಡು ಅಳತೆಯ ನಾಲ್ಕು ಕ್ಲಿಪ್, ಹಳೆಯದರಲ್ಲಿ ಚೆನ್ನಾಗಿರುವ ಒಂದು ಮೇಲಿನ ಹೋಸ್, ಫ್ಯಾನ್ ಬೆಲ್ಟ್, ಬೆರೆಸಿಟ್ಟ ಐದು ಲೀಟರ್ ಕೂಲಂಟ್. ಹೋಸ್ ಒಣಗಿಸಿ, ಟೇಪನ್ನು ಎಳೆದು ಎಳೆದು ಒಂದರ ಮೇಲೊಂದು ಸುತ್ತಿ, ಎರಡೂ ಕಡೆ ಸೀಳಿಗಿಂತ ನಾಲ್ಕು ಬೆರಳು ಮುಂದೆ ಹೋಗಲಿ. ಎಂಜಿನ್ ತಣ್ಣಗಾದ ಮೇಲೆ ನೀರು ತುಂಬಿಸಿ, ಇಳಿಜಾರು ಅಥವಾ ಸಮತಟ್ಟು ದಾರಿಯಲ್ಲಿ ನಿಧಾನಕ್ಕೆ, ಹತ್ತಿರದ ಊರಿನವರೆಗೆ ಮಾತ್ರ ಓಡಿಸಿ, ಮುಳ್ಳಿನಿಂದ ಕಣ್ಣು ತೆಗೆಯದೆ. ಎದುರಿಗೆ ಏರು ಇದ್ದರೆ ಅದನ್ನೂ ಮಾಡಬೇಡಿ, ಟೋ ಮಾಡಿಸಿ.